ಹುಬ್ಬಳ್ಳಿ-ಧಾರವಾಡದ ಹೊಸ ಹಾಡುಗಾರರು: ಹೇಳುವ ಕತೆ, ಹೇಳದ ಕತೆ

ಹಾಡು ಮಾಡಿದರೆ ಸಾಲದು, ಅದರ ಬಗ್ಗೆ ಮಾತನ್ನೂ ಆಡಬೇಕು. ಸ್ವಂತ ಹಾಡು ಬರೆದು, ಸ್ವಂತ ದುಡ್ಡಿನಲ್ಲಿ ರೆಕಾರ್ಡ್ ಮಾಡಿ, ಸಿನಿಮಾದ ಹಂಗಿಲ್ಲದೆ ಬಿಡುಗಡೆ ಮಾಡುವ ಹುಡುಗ ಹುಡುಗಿಯರಿಗೆ ಇದೂ ಈಗ ಕೆಲಸದ ಒಂದು ಭಾಗ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥವರು ಜಾಸ್ತಿ ಆಗುತ್ತಿದ್ದಾರೆ. ಗದಗ, ಹಾವೇರಿ ಕಡೆಯಿಂದಲೂ ಬರುತ್ತಿದ್ದಾರೆ. ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಒಂದು ಮೈಕ್ ಇದ್ದರೆ ವಿದ್ಯಾನಗರದ ಬಾಡಿಗೆ ರೂಮೇ ಸ್ಟುಡಿಯೋ. ಗೋಡೆಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ರಾತ್ರಿ ಗಾಡಿಗಳ ಸದ್ದು ಕಮ್ಮಿ ಆದ ಮೇಲೆ ಹಾಡುತ್ತಾರೆ.

ಹಾಡು ಹೊರಬಂದ ಮೇಲೆ ಪಾಡ್‌ಕಾಸ್ಟ್, ರೀಲ್ಸ್, ಲೈವ್ ಶುರು. ಅಲ್ಲಿ ಕೇಳುವ ಪ್ರಶ್ನೆಗಳು ಗೊತ್ತಿದ್ದದ್ದೇ. "ಅಣ್ಣಾ, ಈ ಹಾಡು ನಿಮಗ ಹೆಂಗ ಹೊಳೀತು? ನಿಮ್ಮ ಮ್ಯಾಲೆ ಯಾರ ಪ್ರಭಾವ ಐತಿ?" ಉತ್ತರಗಳೂ ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಒಂದು ಮಳೆಗಾಲದ ಸಂಜೆ ಉಣಕಲ್ ಕೆರೆ ದಂಡೆಯಲ್ಲಿ ಕೂತಿದ್ದೆ, ಸಾಲು ತಾನಾಗೇ ಬಂತು. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ರಾಗ ಹೊಳೆಯಿತು. ಪ್ರಭಾವ ಅಂದರೆ ಗಾಯಕ ಮಲ್ಲಿಕಾರ್ಜುನ ಮನ್ಸೂರರು, ಕವಿ ಬೇಂದ್ರೆಯವರು, ಧಾರವಾಡದ ಮಣ್ಣು.

ಇದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಇದರಲ್ಲಿ ಹಾಡಿನ ಅರ್ಧ ಕತೆಯೂ ಇಲ್ಲ. ಬಿಟ್ಟುಹೋದ ಅರ್ಧದಲ್ಲೇ ಈ ಊರಿನ ಹೊಸ ಸಂಗೀತದ ನಿಜವಾದ ಬಲ ಇದೆ. ಅದು ಯಾಕೆ ಬಿಟ್ಟುಹೋಗುತ್ತದೆ, ಅದರಿಂದ ಏನು ನಷ್ಟ ಅನ್ನುವುದು ನನ್ನ ಪ್ರಶ್ನೆ.

ಮೊದಲು, ಇಷ್ಟೊಂದು ಮಾತು ಬೇಕಾದದ್ದು ಯಾಕೆ ಅಂತ ನೋಡೋಣ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಆಮೇಲೆ ಹಾಡನ್ನು ಜನರ ಫೋನಿಗೆ ತಲುಪಿಸಲು ಯಾವ ಕ್ಯಾಸೆಟ್ ಕಂಪನಿಯ ಬಾಗಿಲೂ ತಟ್ಟಬೇಕಿಲ್ಲ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಣಾ ಸೇವೆಗೆ ದುಡ್ಡು ಕಟ್ಟಿ ಫೈಲ್ ಕೊಟ್ಟರೆ ಕೆಲವೇ ದಿನಗಳಲ್ಲಿ ಹಾಡು ಎಲ್ಲ ಆ್ಯಪ್‌ಗಳಲ್ಲಿ ಇರುತ್ತದೆ. ಬಾಗಿಲು ತೆರೆದದ್ದು ಎಲ್ಲರಿಗೂ. ಹಾಗಾಗಿ ದಿನಕ್ಕೆ ಸಾವಿರಗಟ್ಟಲೆ ಹಾಡು ಬಂದು ಬೀಳುತ್ತವೆ. ಈ ರಾಶಿಯಲ್ಲಿ ಕನ್ನಡದ ಒಂದು ಹೊಸ ಹಾಡನ್ನು, ಅದೂ ಹೆಸರು ಕೇಳದವರ ಹಾಡನ್ನು, ಯಾರಾದರೂ ಯಾಕೆ ಹುಡುಕಬೇಕು?

ದುಡ್ಡಿನ ಲೆಕ್ಕವೂ ಇದಕ್ಕೆ ಸೇರಿಕೊಂಡಿದೆ. ಸ್ಪಾಟಿಫೈ ಒಂದು ಹಾಡಿಗೆ ಇಂತಿಷ್ಟು ಅಂತ ನಿಗದಿ ದರ ಕೊಡುವುದಿಲ್ಲ. ಬಂದ ಹಣದ ಒಂದು ಪಾಲನ್ನು ಒಟ್ಟು ಮಾಡಿ, ಯಾರ ಹಾಡು ಎಷ್ಟು ಸಲ ಕೇಳಿದರು ಅನ್ನುವುದರ ಮೇಲೆ ಹಂಚುತ್ತದೆ. ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದಂತೆ. 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ವರ್ಷದಲ್ಲಿ 4,000 ಗಂಟೆ ನೋಡಿಸಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬರಬೇಕು. ಮೊದಲ ಹಾಡು ಬಿಟ್ಟ ಹುಡುಗಿಗೆ ಇದು ದೂರದ ದಾರಿ.

ಹಾಗಾಗಿ ಹಾಡಿಗಿಂತ ಮೊದಲು ಹಾಡುಗಾರರ ಮುಖ ಜನರಿಗೆ ಪರಿಚಯ ಆಗಬೇಕು. ಮುಖಕ್ಕೊಂದು ಕತೆ ಬೇಕು. ರೀಲ್ಸ್‌ನಲ್ಲಿ ಆ ಕತೆ ಮೂವತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಮೂವತ್ತು ಸೆಕೆಂಡಿನಲ್ಲಿ ಏನು ಹೇಳಬಹುದು? ಕೆರೆ ದಂಡೆ, ಮಳೆ, ಹೊಳೆದ ಸಾಲು. ಆರು ತಿಂಗಳ ತಿದ್ದುಪಡಿ ಅದರಲ್ಲಿ ಹಿಡಿಸುವುದಿಲ್ಲ. ಎರಡನೇ ಚರಣಕ್ಕೆ ಪದ ಸಿಗದೆ ಹಾಡನ್ನು ಬಿಟ್ಟುಬಿಟ್ಟದ್ದು, ಡೋಲಕ್ ಹೊಂದದೆ ಲಯವನ್ನೇ ಬದಲಿಸಿದ್ದು, ಗೆಳೆಯ ಹೇಳಿದ ಒಂದು ಮಾತಿಗೆ ಪಲ್ಲವಿ ಚರಣ ಆದದ್ದು, ಇದೆಲ್ಲ ಬಿಟ್ಟುಹೋಗುತ್ತದೆ.

ಒಂದು ಗ್ರಾಮಫೋನ್ ತಟ್ಟೆಯ ಕತೆ

ನಮ್ಮ ಭಾಗದಲ್ಲಿ ಈ "ಕ್ಷಣ"ದ ಕತೆಗೆ ಹಳೆಯ ಬೇರು ಇದೆ. ಎಲ್ಲರಿಗೂ ಗೊತ್ತಿರುವುದು ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರದು. ಅವರು ಹುಟ್ಟಿದ್ದು 1922ರಲ್ಲಿ, ಈಗಿನ ಗದಗ ಜಿಲ್ಲೆಯ ರೋಣದಲ್ಲಿ. ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿ, ಹಾಗೇ ಹಾಡಬೇಕು ಅಂತ 1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಮನೆ ಬಿಟ್ಟು ಹೋದರು. ಕತೆ ಹೇಳುವವರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆದರೆ ಆಮೇಲೆ ಏನಾಯಿತು? ಗ್ವಾಲಿಯರ್, ಜಲಂಧರ್ ಅಂತ ಊರೂರು ಅಲೆದರು. ಕೊನೆಗೆ ಗುರು ಸಿಕ್ಕದ್ದು ಮನೆಯ ಹತ್ತಿರವೇ, ಕುಂದಗೋಳದ ಸವಾಯಿ ಗಂಧರ್ವರು. ಅವರ ಮನೆಯಲ್ಲಿದ್ದು, ಸೇವೆ ಮಾಡಿ, ವರ್ಷಗಟ್ಟಲೆ ಸ್ವರ ತಿದ್ದಿಕೊಂಡರು. ನಾವು ಕೇಳಿದ ಆ ಧ್ವನಿ ತಯಾರಾದದ್ದು ಕುಂದಗೋಳದ ಆ ವರ್ಷಗಳಲ್ಲಿ. ತಟ್ಟೆ ಕೇಳಿದ ಕ್ಷಣ ಅವರನ್ನು ಮನೆಯಿಂದ ಹೊರಡಿಸಿತು, ಅಷ್ಟೇ.

ಈ ಕತೆಯಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಪ್ರಭಾವ ಬೀರಿದ್ದು ಎದುರು ಕೂತ ಗುರುವಲ್ಲ, ಯಂತ್ರದಿಂದ ಬಂದ ಧ್ವನಿ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರೂ ಚಿಕ್ಕವರಿದ್ದಾಗ ಗ್ರಾಮಫೋನ್ ಹಾಡು ಕೇಳಲು ಬೀದಿಗೆ ಓಡಿ ಬರುತ್ತಿದ್ದರಂತೆ. ನೂರು ವರ್ಷದ ಹಿಂದೆಯೇ ಧಾರವಾಡದ ಸಂಗೀತದಲ್ಲಿ ರೆಕಾರ್ಡಿಂಗ್ ಅನ್ನುವುದು ಒಬ್ಬ ಗುರುವಾಗಿತ್ತು. ಇಂದು ಇಯರ್‌ಫೋನ್ ಹಾಕಿಕೊಂಡು ಕೊರಿಯಾದ ಪಾಪ್ ಕೇಳಿ ಹಾಡು ಕಲಿತೆ ಅಂತ ಹೇಳಲು ನಮ್ಮ ಹುಡುಗಿಯರು ಹಿಂಜರಿಯುತ್ತಾರೆ. "ಗುರುಗಳ ಹತ್ತಿರ ಕಲಿತಿಲ್ಲ" ಅಂತ ತಲೆ ತಗ್ಗಿಸಿ ಹೇಳುತ್ತಾರೆ. ತಲೆ ತಗ್ಗಿಸುವ ಅಗತ್ಯ ಇಲ್ಲ. ಕೇಳಿ ಕಲಿಯುವುದು ಈ ಊರಿನ ಹಳೆಯ ಪದ್ಧತಿ. ಏನು ಕೇಳಿದೆ, ಎಷ್ಟು ಸಲ ಕೇಳಿದೆ, ಅದರಲ್ಲಿ ಯಾವುದನ್ನು ಇಟ್ಟುಕೊಂಡೆ, ಯಾವುದನ್ನು ಬಿಟ್ಟೆ ಅಂತ ಬಿಡಿಸಿ ಹೇಳಿದರೆ ಕೇಳುಗರಿಗೆ ನಿಜವಾಗಿ ಏನೋ ಸಿಗುತ್ತದೆ.

ಗಂಗೂಬಾಯಿಯವರ ಬದುಕಿನಲ್ಲಿ ಪ್ರಭಾವ ಅನ್ನುವುದಕ್ಕೆ ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಉದಾಹರಣೆ ಇದೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳು ಹಿಂದೂಸ್ತಾನಿ ಕಲಿಯಲು ಶುರು ಮಾಡಿದಾಗ, ತನ್ನ ಹಾಡು ಅವಳ ಕಿವಿಗೆ ಬಿದ್ದು ಕಲಿಕೆ ಬೆರಕೆ ಆಗಬಾರದು ಅಂತ ತಾವೇ ಹಾಡುವುದನ್ನು ನಿಲ್ಲಿಸಿಬಿಟ್ಟರು. ತಾಯಿಯ ಮೌನವೇ ಮಗಳ ಗಾಯನದ ಮೇಲೆ ಆದ ಪ್ರಭಾವ. ಇಂಥದ್ದು ಒಂದು ಸಾಲಿನ ಉತ್ತರದಲ್ಲಿ ಬರುವುದಿಲ್ಲ. ಗಂಗೂಬಾಯಿ, ಮನ್ಸೂರ ಇಬ್ಬರೂ ತಮ್ಮ ಬದುಕಿನ ಕತೆ ಹೇಳಿ ಪುಸ್ತಕ ಬಿಟ್ಟುಹೋಗಿದ್ದಾರೆ. ಅಲ್ಲಿ ಬಡತನ ಇದೆ, ಕಲಿಕೆಯ ಕಷ್ಟ ಇದೆ, ಊರೂರು ತಿರುಗಿದ ಲೆಕ್ಕ ಇದೆ. ಹೊಸ ಹಾಡುಗಾರರು ಅವರ ಹೆಸರನ್ನು ಹೇಳುತ್ತಾರೆ. ಅವರು ಮಾತನಾಡಿದ ರೀತಿಯನ್ನೂ ತೆಗೆದುಕೊಂಡರೆ ಎಷ್ಟು ಚೆನ್ನ!

ಜಾತ್ರೆಯ ಸದ್ದನ್ನು ಯಾಕೆ ಮುಚ್ಚಿಡಬೇಕು

ಪ್ರಭಾವದ ಪ್ರಶ್ನೆಗೆ ದೊಡ್ಡ ಹೆಸರುಗಳೇ ಬರುತ್ತವೆ ಅಂದೆ. ಅದು ಅಭಿಮಾನ, ತಪ್ಪೇನಿಲ್ಲ. ಆದರೆ ಹಾಡನ್ನು ಕಿವಿಗೊಟ್ಟು ಕೇಳಿ. ಅದರಲ್ಲಿ ಮನ್ಸೂರರು ಹಾಡುತ್ತಿದ್ದ ಜೈಪುರ ಘರಾಣೆಯ ಗಾಯನ ಎಲ್ಲಿದೆ? ಹೆಚ್ಚಿನ ಹಾಡುಗಳಲ್ಲಿ ಕೇಳಿಸುವುದು ಬೇರೆಯೇ. ಶ್ರಾವಣದಲ್ಲಿ ಗುಡಿಯಲ್ಲಿ ನಡೆಯುವ ಭಜನೆಯ ಪೇಟಿ, ತಾಳ. ಹೋಳಿಯ ಹಲಗಿ. ಹುಬ್ಬಳ್ಳಿಯಲ್ಲಿ ರಂಗಪಂಚಮಿವರೆಗೂ ಬೀದಿಯಲ್ಲಿ ಕೇಳುವ ಜಗ್ಗಲಗಿ ಅನ್ನುವ ದೊಡ್ಡ ಚರ್ಮವಾದ್ಯದ ಪೆಟ್ಟು. ಮದುವೆ ಮೆರವಣಿಗೆಯ ಝಾಂಜ್ ಮೇಳ. ಗಣೇಶ ಹಬ್ಬದ ಡಿಜೆ. ನಾಟಕ ಕಂಪನಿಯ ಹಾಡುಗಳ ಕುಣಿತ. ಮನೆಯ ಟಿವಿಯಲ್ಲಿ ಬಂದ ಸಿನಿಮಾ ಹಾಡು. ಮಿರಜ್, ಸಾಂಗ್ಲಿ ದೂರವಿಲ್ಲವಾದ್ದರಿಂದ ಮರಾಠಿ ಹಾಡಿನ ಗಾಳಿಯೂ ಇದೆ.

ಹಿಂದಿನ ದೊಡ್ಡವರೂ ಒಂದೇ ಕಡೆಯಿಂದ ಬಂದವರಲ್ಲ. ಮನ್ಸೂರರು ಚಿಕ್ಕವರಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರು. ಮೊದಲು ಕರ್ನಾಟಕ ಸಂಗೀತ ಕಲಿತರು, ಆಮೇಲೆ ಹಿಂದೂಸ್ತಾನಿ. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಖಯಾಲ್ ಜೊತೆಗೆ ವಚನ, ಮರಾಠಿ ನಾಟ್ಯಗೀತೆಯನ್ನೂ ಹಾಡುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು, ಬಡ ಮಕ್ಕಳು ಸಂಗೀತ ಕಲಿಯುತ್ತಿದ್ದರು. ಅವರ ಊಟಕ್ಕೆ ದುಡ್ಡು ಬೇಕಿತ್ತು. ಅದಕ್ಕೆ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿದರು. ಶಾಸ್ತ್ರೀಯ ಸಂಗೀತದ ದೊಡ್ಡ ಪಾಠಶಾಲೆಯೊಂದು ಜನಪ್ರಿಯ ರಂಗದ ಟಿಕೆಟ್ ದುಡ್ಡಿನ ಆಸರೆಯಲ್ಲಿ ಬೆಳೆದ ಭಾಗ ನಮ್ಮದು. ಇಲ್ಲಿ "ಲಘು ಸಂಗೀತ", "ಜನರ ಹಾಡು" ಅಂದರೆ ಮುಜುಗರ ಯಾಕೆ?

ಈಗ ನಮ್ಮ ಭಾಗದಲ್ಲಿ ನಿಜವಾಗಿ ಸ್ವತಂತ್ರವಾಗಿ ನಡೆಯುತ್ತಿರುವ ಅತಿ ದೊಡ್ಡ ಸಂಗೀತ ವ್ಯವಹಾರ ಯಾವುದು ಅಂತ ಕೇಳಿದರೆ, ಅದು ಗಿಟಾರ್ ಹಿಡಿದವರದ್ದಲ್ಲ. ಉತ್ತರ ಕರ್ನಾಟಕದ ಜಾನಪದ ಹಾಡುಗಳು ಅಂತ ಯೂಟ್ಯೂಬ್‌ನಲ್ಲಿ ಬರುವ ಟ್ರ್ಯಾಕ್ ಹಾಡುಗಳದ್ದು. ಟ್ರ್ಯಾಕ್ಟರ್‌ನಲ್ಲಿ, ಜಾತ್ರೆಯಲ್ಲಿ, ಕಬ್ಬಿನ ಗಾಡಿಯಲ್ಲಿ ಕೇಳುವುದು ಅವೇ. ಕೀಬೋರ್ಡ್ ಮೇಲೆ ಟ್ರ್ಯಾಕ್ ಕೂಡಿಸಿ, ಸಣ್ಣ ಊರಿನ ಸಣ್ಣ ಸ್ಟುಡಿಯೋದಲ್ಲಿ ಬೇಗ ಬೇಗ ರೆಕಾರ್ಡ್ ಮಾಡಿ ಹಾಕುತ್ತಾರೆ. ಲಕ್ಷಗಟ್ಟಲೆ ಜನ ನೋಡುತ್ತಾರೆ. ಅವರ ಹಿಂದೆ ಸಿನಿಮಾ ಇಲ್ಲ, ಬೆಂಗಳೂರಿನ ಕಂಪನಿ ಇಲ್ಲ. ಆದರೂ "ಇಂಡಿ ಮ್ಯೂಸಿಕ್" (ಸ್ವತಂತ್ರ ಸಂಗೀತ) ಬಗ್ಗೆ ಮಾತು ಬಂದಾಗ ಇವರ ಹೆಸರು ಬರುವುದೇ ಇಲ್ಲ. ವಿದ್ಯಾನಗರದ ಹುಡುಗರಿಗೂ ಇವರಿಗೂ ಮಾತುಕತೆ ಇಲ್ಲ. ಇದು ಸಂಗೀತದ ಅಂತರ ಅಲ್ಲ. ಓದು, ಜಾತಿ, ಊರು-ಹಳ್ಳಿ ಅನ್ನುವ ಅಂತರ.

ಆ ಹಾಡುಗಳಲ್ಲಿ ಹೆಣ್ಣನ್ನು ಕೀಳಾಗಿ ಕಾಣುವ ಸಾಲುಗಳು ಬಹಳ ಇವೆ. ಅದನ್ನು ನಾನು ಒಪ್ಪುವುದಿಲ್ಲ. ಕೇಳುವಾಗ ಸಿಟ್ಟು ಬರುತ್ತದೆ. ಆದರೆ ಅವರಿಂದ ಕಲಿಯಬೇಕಾದದ್ದೂ ಇದೆ. ಅವರು ನಾಚದೆ ನಮ್ಮ ಮಾತಿನಲ್ಲಿ ಹಾಡುತ್ತಾರೆ. ಯಾವ ಕೇಳುಗರಿಗಾಗಿ ಹಾಡುತ್ತಿದ್ದೇವೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಇನ್ನೊಂದು, ಹಾಡಿನ ಕೊನೆಯ ನುಡಿಯಲ್ಲಿ ಬರೆದವರ ಹೆಸರು, ಹಾಡಿದವರ ಹೆಸರು, ಊರಿನ ಹೆಸರು ಸೇರಿಸುವುದು ಅಲ್ಲಿ ಸಾಮಾನ್ಯ. ಲಾವಣಿ, ಗೀಗೀ ಪದದವರಲ್ಲೂ ಇದಿತ್ತು. ತತ್ವಪದದಲ್ಲಿ, ವಚನದಲ್ಲಿ ಅಂಕಿತ ಇರುವುದೂ ಇದೇ ದಾರಿಯದು. ಹಾಡು ಎಷ್ಟು ಊರು ದಾಟಿದರೂ ಮಾಡಿದವರ ಗುರುತು ಹಾಡಿನ ಒಳಗೇ ಇರುತ್ತದೆ. ಈಗಿನ ಡಿಜಿಟಲ್ ಹಾಡಿನಲ್ಲಿ ಆ ಕೆಲಸವನ್ನು ಫೈಲ್ ಜೊತೆ ತುಂಬುವ ವಿವರ ಮಾಡಬೇಕು. ಎಷ್ಟೋ ಹುಡುಗರು ಅಲ್ಲಿ ಹಾಡಿದವರ ಹೆಸರು ಮಾತ್ರ ತುಂಬಿ, ಬರೆದವರ ಹೆಸರು, ರಾಗ ಹಾಕಿದವರ ಹೆಸರು ಖಾಲಿ ಬಿಡುತ್ತಾರೆ. ಡೋಲಕ್ ನುಡಿಸಿದವರಂತೂ ಎಲ್ಲಿಯೂ ಇರುವುದಿಲ್ಲ.

ಹಾವೇರಿ ಕಡೆಯ ಹನುಮಂತ ಲಮಾಣಿಯವರನ್ನು ನೋಡಿ. ಸವಣೂರು ತಾಲೂಕಿನ ತಾಂಡಾದ ಹುಡುಗ ಟಿವಿಯ ಹಾಡಿನ ಸ್ಪರ್ಧೆಯಿಂದ ನಾಡಿಗೆಲ್ಲ ಪರಿಚಯ ಆದರು. 2025ರಲ್ಲಿ ಬಿಗ್ ಬಾಸ್ ಕನ್ನಡವನ್ನೂ ಗೆದ್ದರು. ಅವರ ಬಗ್ಗೆ ಬಂದ ಮಾತಿನಲ್ಲಿ ಕುರಿ ಕಾಯುವ ಹುಡುಗ ಅನ್ನುವುದೇ ಜಾಸ್ತಿ. ಬಯಲಿನಲ್ಲಿ ಎತ್ತರದ ಸ್ವರದಲ್ಲಿ ಕೂಗಿ ಹಾಡುವ ಆ ಬಗೆ, ಲಂಬಾಣಿ ತಾಂಡಾಗಳಲ್ಲಿ ಕೇಳುವ ಹಾಡು, ಸುತ್ತಲಿನ ತತ್ವಪದ, ಭಜನೆ, ಇವು ಒಂದು ದನಿಯಲ್ಲಿ ಹೇಗೆ ಕೂಡುತ್ತವೆ ಅಂತ ಕೇಳುವವರು ಕಮ್ಮಿ. ಬಡತನದ ಕತೆ ಬೇಗ ಮಾರಾಟ ಆಗುತ್ತದೆ. ಹಾಡುಗಾರಿಕೆಯ ಕತೆ ಕೇಳಲು ಸ್ವಲ್ಪ ತಾಳ್ಮೆ ಬೇಕು.

ಮಾತಿನ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಪಾಡ್‌ಕಾಸ್ಟ್‌ನಲ್ಲಿ ಧಾರವಾಡ ಮಾತು ಆಡುವ ಹುಡುಗರು ಹಾಡಿನಲ್ಲಿ ಬೆಂಗಳೂರಿನ ಕನ್ನಡಕ್ಕೆ ಹೋಗುತ್ತಾರೆ. ನಮ್ಮ ಮಾತು ಹಾಕಿದರೆ ಅದು ಕಾಮಿಡಿ ಹಾಡು ಆಗುತ್ತದೆ ಅನ್ನುವ ಭಯ. ಈ ಭಯಕ್ಕೆ ಕಾರಣ ಇದೆ. ಸಿನಿಮಾ, ಟಿವಿ ನಮ್ಮ ಮಾತನ್ನು ಬಹಳ ಕಾಲ ನಗಿಸಲಿಕ್ಕೆ ಬಳಸಿಕೊಂಡವು. ಆದರೆ ಬೇಂದ್ರೆಯವರು ದುಃಖವನ್ನೂ, ಪ್ರೀತಿಯನ್ನೂ, ದೇವರನ್ನೂ ಇದೇ ಮಾತಿನಲ್ಲಿ ಹಾಡಿದರಲ್ಲ? ರ್‍ಯಾಪ್ ಮಾಡುವ ಹುಡುಗರು ಇದನ್ನು ಎಲ್ಲರಿಗಿಂತ ಮೊದಲು ಹಿಡಿದರು. ಧಾರವಾಡ ಮಾತಿನಲ್ಲಿ ಪದ ಮೊಟಕಾಗುತ್ತದೆ, ವ್ಯಂಜನಗಳು ಒತ್ತೊತ್ತಾಗಿ ಬರುತ್ತವೆ. ಲಯಕ್ಕೆ ಅದು ಸಲೀಸಾಗಿ ಕೂರುತ್ತದೆ. ಇಂಥ ವಿಷಯವನ್ನು ಒಬ್ಬ ರ್‍ಯಾಪರ್ ತನ್ನದೇ ಸಾಲು ಬಿಡಿಸಿ ತೋರಿಸಿದರೆ, ಅದು ಮಳೆಯ ಸಂಜೆಯ ಕತೆಗಿಂತ ನೂರು ಪಾಲು ಚೆಂದ.

ಷರೀಫರು ಎಲ್ಲರವರು, ಆ ರಾಗ ಅಲ್ಲ

ಹೇಳದೆ ಬಿಡುವ ವಿಷಯಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಹಕ್ಕಿನ ಬಗ್ಗೆ. ಇದು ಬೇಸರದ ವಿಷಯ ಅಂತ ಪಾಡ್‌ಕಾಸ್ಟ್‌ನವರು ಕೇಳುವುದಿಲ್ಲ, ಹಾಡುಗಾರರೂ ಎತ್ತುವುದಿಲ್ಲ. ಆದರೆ ನಮ್ಮ ಭಾಗದವರಿಗೆ ಇದು ದಿನದ ಪ್ರಶ್ನೆ. ಯಾಕೆಂದರೆ ಇಲ್ಲಿ ಹೊಸ ಬ್ಯಾಂಡ್ ಶುರುವಾದರೆ ಮೊದಲು ಕೈ ಹಾಕುವುದು ಷರೀಫರಿಗೆ, ಆಮೇಲೆ ಬೇಂದ್ರೆಯವರಿಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂವರು ಗೆಳೆಯರು. ಒಬ್ಬ ಹಾಡುತ್ತಾನೆ, ಒಬ್ಬಳು ಗಿಟಾರ್, ಇನ್ನೊಬ್ಬ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಕೂಡಿಸುವವ. ಶಿಶುನಾಳ ಷರೀಫರ ಒಂದು ತತ್ವಪದ ಆರಿಸಿಕೊಂಡರು. ಷರೀಫರು ತೀರಿಕೊಂಡದ್ದು 1889ರಲ್ಲಿ. ಭಾರತದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಲೆಕ್ಕದಲ್ಲಿ ಷರೀಫರ ಪದ ಎಲ್ಲರ ಸ್ವತ್ತು. ಯಾರನ್ನೂ ಕೇಳಬೇಕಿಲ್ಲ. ರಘು ದೀಕ್ಷಿತ್ ತಮ್ಮ ಬ್ಯಾಂಡ್‌ನಲ್ಲಿ ಷರೀಫರನ್ನು ಹೊಸ ಬಗೆಯಲ್ಲಿ ಹಾಡಿ ದೇಶ ವಿದೇಶಕ್ಕೆ ಒಯ್ದರು. ಆ ದಾರಿ ಎಲ್ಲರಿಗೂ ತೆರೆದಿದೆ.

ಆದರೆ ಗೆಳೆಯರ ಕಿವಿಯಲ್ಲಿ ಇರುವ ರಾಗ ಯಾವುದು? ಬಹಳ ಸಲ ಅದು ಸಿ. ಅಶ್ವಥ್ ಹಾಕಿದ ರಾಗ. ಕ್ಯಾಸೆಟ್‌ಗಳಿಂದ, 1990ರ ಷರೀಫರ ಸಿನಿಮಾದಿಂದ ಅದು ಮನೆಮನೆಗೆ ಬಂದಿದೆ. ಎಷ್ಟು ಪರಿಚಯ ಅಂದರೆ, ಅದೇ ಹಳೆಯ ಜಾನಪದ ರಾಗ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ. ಅವರು ಹಾಕಿದ ರಾಗದ ಹಕ್ಕು 2069ರ ಕೊನೆಯವರೆಗೂ ಇರುತ್ತದೆ. ಪದ ಷರೀಫರದ್ದು, ಎಲ್ಲರದ್ದು. ರಾಗ ಅಲ್ಲ. ಹಳೆಯ ರೆಕಾರ್ಡಿಂಗ್‌ನ ಹಕ್ಕು ಬೇರೆಯೇ, ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹೀಗೆ ಒಂದೇ ಹಾಡಿನಲ್ಲಿ ಸಾಹಿತ್ಯ, ರಾಗ, ರೆಕಾರ್ಡಿಂಗ್ ಅಂತ ಬೇರೆ ಬೇರೆ ಹಕ್ಕು ಇರುತ್ತವೆ. ಇದು ಗೊತ್ತಿಲ್ಲದೆ ಹಾಕಿದ ವಿಡಿಯೋಗೆ ಹಕ್ಕಿರುವ ಹಾಡನ್ನು ತಾನಾಗೇ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ತಗಲಿಕೊಂಡರೆ ದುಡ್ಡು ಬೇರೆಯವರ ಖಾತೆಗೆ ಹೋಗುತ್ತದೆ. ಗೆಳೆಯರು ನಿಜವಾಗಿ ಸ್ವಂತ ರಾಗ ಹಾಕಿದ್ದರೆ, ಅದನ್ನು ಮಾತಿನಲ್ಲೂ ವಿವರದಲ್ಲೂ ಗಟ್ಟಿಯಾಗಿ ಹೇಳಬೇಕು. "ಷರೀಫರ ಹಾಡು ಹಾಡಿದ್ದೇವೆ" ಅಂದರೆ ಸಾಲದು. "ಪದ ಷರೀಫರದ್ದು, ರಾಗ ನಮ್ಮದು" ಅನ್ನಬೇಕು.

ಬೇಂದ್ರೆಯವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವರು ತೀರಿಕೊಂಡದ್ದು 1981ರಲ್ಲಿ. ಹಾಗಾಗಿ 2041ರ ಕೊನೆಯವರೆಗೂ ಅವರ ಕವಿತೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಅವರ ಮನೆಯಿದ್ದ ಸಾಧನಕೇರಿಯ ಪಕ್ಕದಲ್ಲೇ ಹುಟ್ಟಿ ಬೆಳೆದಿದ್ದೇವೆ, ಅಜ್ಜ ನಮ್ಮವರು ಅನ್ನುವ ಪ್ರೀತಿ ಇರುವುದು ಸಹಜ. ಆ ಪ್ರೀತಿ ಒಪ್ಪಿಗೆಯ ಬದಲಿಗೆ ಬರುವುದಿಲ್ಲ.

ರ್‍ಯಾಪ್ ಹುಡುಗರ ತೊಂದರೆ ಬೇರೆ. ಅವರು ಆನ್‌ಲೈನ್‌ನಲ್ಲಿ ಸಿದ್ಧ ಬೀಟ್, ಅಂದರೆ ಹಾಡಿನ ಹಿನ್ನೆಲೆಯ ತಾಳ-ಸಂಗೀತ, ಕೊಳ್ಳುತ್ತಾರೆ. ಕಡಿಮೆ ದುಡ್ಡಿಗೆ ಸಿಗುವುದು ಹೆಚ್ಚಾಗಿ ಬಾಡಿಗೆ ಇದ್ದಂತೆ. ಅದೇ ಬೀಟನ್ನು ಇನ್ನೂ ನೂರು ಜನರಿಗೆ ಮಾರಿರುತ್ತಾರೆ. ಇಷ್ಟು ಸಲ ಮಾತ್ರ ಕೇಳಿಸಬಹುದು ಅನ್ನುವ ಮಿತಿಯೂ ಇರುತ್ತದೆ. ಹಾಡು ಓಡಿದ ಮೇಲೆ ಆ ಷರತ್ತು ತೆಗೆದು ಓದುವುದಕ್ಕಿಂತ ಕೊಳ್ಳುವಾಗಲೇ ಓದುವುದು ಒಳ್ಳೆಯದು.

ಒಂದು ಒಳ್ಳೆಯ ಸುದ್ದಿಯೂ ಇದೆ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಸಾಹಿತ್ಯ ಬರೆದವರು, ರಾಗ ಹಾಕಿದವರು ಹಾಡನ್ನು ಕಂಪನಿಗೆ ಬರೆದುಕೊಟ್ಟರೂ, ಮುಂದೆ ಬರುವ ರಾಯಲ್ಟಿಯ ಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟಿದ್ದೇನೆ ಅಂತ ಸಹಿ ಹಾಕಿದ್ದರೂ ಅದು ನಿಲ್ಲುವುದಿಲ್ಲ. ಈ ರಾಯಲ್ಟಿ ಸಂಗ್ರಹಿಸಿ ಹಂಚಲು 1969ರಿಂದ ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ಬರೆಯುವವರು, ರಾಗ ಹಾಕುವವರು ಅಲ್ಲಿ ಸದಸ್ಯರಾಗಬಹುದು. "ಹಾಡು ನಮಗೆ ಕೊಡು, ಪ್ರಚಾರ ನಾವು ಮಾಡ್ತೀವಿ" ಅಂತ ಯಾರೋ ಬಂದಾಗ ಸಹಿ ಹಾಕುವ ಮೊದಲು ಇಷ್ಟಾದರೂ ಗೊತ್ತಿರಬೇಕು. ಗೆಳೆಯರ ನಡುವೆಯೂ ಹಾಗೇ. ಯಾರ ಪಾಲು ಎಷ್ಟು ಅಂತ ಹಾಡು ಮುಗಿದ ದಿನವೇ ಒಂದು ಹಾಳೆಯ ಮೇಲೆ ಬರೆದು ಮೂವರೂ ಸಹಿ ಮಾಡಿದರೆ ಗೆಳೆತನವೂ ಉಳಿಯುತ್ತದೆ. ಹೆಚ್ಚಿನವರು ಇದನ್ನು ಮಾಡುವುದಿಲ್ಲ, "ನಮ್ಮ ನಡುವೆ ಎಂಥ ಲೆಕ್ಕ" ಅನ್ನುತ್ತಾರೆ. ಬ್ಯಾಂಡ್ ಒಡೆದಾಗ ಆ ಲೆಕ್ಕವೇ ಜಗಳದ ಮೂಲ.

ಯಾರು ಕೇಳಬೇಕು, ಎಲ್ಲಿ ಕೇಳಬೇಕು

ಇಷ್ಟೆಲ್ಲ ಹಾಡುಗಾರರೇ ತಾವಾಗಿ ಹೇಳಬೇಕು ಅಂದರೆ ಆಗುವ ಮಾತಲ್ಲ. ಪ್ರಶ್ನೆ ಕೇಳುವವರು ಬದಲಾಗಬೇಕು. "ಹೆಂಗ ಹೊಳೀತು" ಬದಲಿಗೆ "ಮೊದಲ ಡ್ರಾಫ್ಟ್ ಹೆಂಗಿತ್ತು, ಹಾಡಿ ತೋರಸ್ರಿ" ಅಂತ ಕೇಳಿ. "ಯಾರ ಪ್ರಭಾವ" ಬದಲಿಗೆ "ಈ ತಾಳ ಎಲ್ಲಿ ಕೇಳಿದ್ರಿ" ಅಂತ ಕೇಳಿ. "ಇದರೊಳಗ ಯಾರು ಏನು ನುಡಿಸ್ಯಾರ" ಅಂತ ಕೇಳಿ. ಉತ್ತರಗಳು ತಾವಾಗೇ ಬೇರೆ ಆಗುತ್ತವೆ. ಹಾಡುವ ಹೆಣ್ಣುಮಕ್ಕಳಿಗೆ ಮನೆಯವರು ಒಪ್ಪಿದರಾ ಅನ್ನುವ ಪ್ರಶ್ನೆ ಬಿಟ್ಟು ಬೇರೇನೂ ಕೇಳದ ಸಂದರ್ಶನಗಳು ಬಹಳ. ಅವರು ಸಾಹಿತ್ಯ ಬರೆಯುತ್ತಾರೆ, ಮಿಕ್ಸಿಂಗ್ ಮಾಡುತ್ತಾರೆ, ಆ ಬಗ್ಗೆ ಅವರಿಗೆ ಹೇಳಲು ಬೇಕಾದಷ್ಟಿದೆ.

ಇನ್ನು ಜಾಗ. ಸ್ವಂತ ಹಾಡು ಹಾಡಲು ಅವಳಿ ನಗರದಲ್ಲಿ ಸಿಗುವ ವೇದಿಕೆ ಕಮ್ಮಿ. ಕಾಲೇಜು ಫೆಸ್ಟ್‌ನಲ್ಲಿ, ರಸಮಂಜರಿ ಕಾರ್ಯಕ್ರಮದಲ್ಲಿ ಜನ ಸಿನಿಮಾ ಹಾಡನ್ನೇ ಕೇಳುತ್ತಾರೆ. ಹೊಸ ಹಾಡು ಶುರು ಮಾಡಿದರೆ ಎರಡನೇ ಸಾಲಿಗೆ ಕೂಗು ಏಳುತ್ತದೆ. ಕೆಫೆಗಳಲ್ಲಿ ಹಾಡಿದರೆ ಊಟ ಮಾಡುವವರ ಮಾತಿನ ನಡುವೆ ಹಾಡು ಮುಳುಗಿಹೋಗುತ್ತದೆ. ಆದರೆ ಊರಿನಲ್ಲಿ ಸಭಾಗೃಹಗಳಿಗೆ ಕೊರತೆ ಇಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸವಾಯಿ ಗಂಧರ್ವರ ಹೆಸರಿನ ಸಭಾಗೃಹ ಇದೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜಿನ ಸೃಜನಾ ರಂಗಮಂದಿರ ಇದೆ, 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದ ಸಭಾಭವನ ಇದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಷರೀಫರ ಶಿಶುನಾಳ ಇರುವುದೂ ಅದೇ ತಾಲೂಕಿನಲ್ಲಿ. ಹಲಗಿ, ಚೌಡಿಕಿ, ಏಕತಾರಿ ನುಡಿಸುವವರ ಜೊತೆ ಲ್ಯಾಪ್‌ಟಾಪ್ ಹುಡುಗರನ್ನು ಒಂದು ವಾರ ಕೂರಿಸಲು ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ಧಾರವಾಡದ ಕೇಳುಗರಿಗೆ ಸಪ್ರಯೋಗ ಉಪನ್ಯಾಸ ಹೊಸದಲ್ಲ. ವಿದ್ವಾಂಸರು ಒಂದು ರಾಗ ತೆಗೆದುಕೊಂಡು, ಮಾತಾಡಿ, ಹಾಡಿ, ಮತ್ತೆ ಮಾತಾಡುತ್ತಾರೆ. ಕೇಳುಗರು ಕೊನೆಯವರೆಗೂ ಕೂರುತ್ತಾರೆ. ಅದೇ ಪದ್ಧತಿಯಲ್ಲಿ ಒಂದು ಪಾಪ್ ಹಾಡನ್ನು ಯಾಕೆ ಬಿಡಿಸಬಾರದು? ಮೊದಲು ಹಾಡು ಕೇಳಿಸಲಿ. ಆಮೇಲೆ ಟ್ರ್ಯಾಕ್‌ಗಳನ್ನು ಒಂದೊಂದಾಗಿ ತೆರೆಯಲಿ, ಇದು ಬರೀ ಹಲಗಿ, ಇದು ಬರೀ ದನಿ, ಈ ಸಾಲು ಮೊದಲು ಹೀಗಿತ್ತು ಅಂತ. ಜಾತ್ರೆಯ ಟ್ರ್ಯಾಕ್ ಹಾಡು ಮಾಡುವವರೂ ಅದೇ ವೇದಿಕೆಗೆ ಬರಲಿ. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಪ್ರಶ್ನೆ ಕೇಳಲಿ, ಬೇಕಾದರೆ ತಕರಾರೂ ಮಾಡಲಿ. 1950ರಿಂದ ನಡೆಯುತ್ತಿರುವ ಧಾರವಾಡ ಆಕಾಶವಾಣಿ ಇದನ್ನು ರೆಕಾರ್ಡ್ ಮಾಡಿ ಪ್ರಸಾರ ಮಾಡಬಹುದು. ಮೂವತ್ತು ಸೆಕೆಂಡಿನ ಮಿತಿ ಅಲ್ಲಿ ಇಲ್ಲ. ಕಾಲೇಜುಗಳ ಸಂಗೀತ ವಿಭಾಗಗಳು ತಮ್ಮ ಸಭಾಗೃಹವನ್ನು ತಿಂಗಳಿಗೆ ಒಂದು ಸಂಜೆ ಇದಕ್ಕೆ ಬಿಟ್ಟುಕೊಟ್ಟರೆ ಈ ವರ್ಷವೇ ಶುರು ಮಾಡಬಹುದು.